ಕೈಗಡ

ವಾಲ್ಡಿವಿಯಾದ ನಮ್ಮ ಪ್ರಯೋಗಾಲಯದಲ್ಲಿ ದುಡ್ಡಿರಲಿಲ್ಲ.
ಇದ್ದದ್ದು ಒಂದು ಸಮುದ್ರ, ಅದರ ಲೆಕ್ಕ,
ಲೆಕ್ಕದೆದುರು ತೇಕುವ ಆರು ಕಂಪ್ಯೂಟರು.
ಕೆಂಪು ಪಾಚಿ ಯಾವ ಸುಳಿ ಹಿಡಿದು ಯಾವ ಕೊಲ್ಲಿಗೆ ಹೊರಳುತ್ತದೆಂದು
ಅವು ಹೇಳುವಷ್ಟರಲ್ಲಿ
ಪಾಚಿ ಬಂದು, ಚಿಪ್ಪು ವಿಷವಾಗಿ,
ಮೀನುಪೇಟೆ ಬಾಗಿಲು ಹಾಕಿ ವಾರವಾಗಿರುತ್ತಿತ್ತು.

ಬೇಡಲು ಹೊರಟೆವು:
ನಿಮ್ಮ ಯಂತ್ರ ತೂಕಡಿಸುವ ಹೊತ್ತನ್ನು ನಮಗೆ ಕೊಡಿ.
ಪತ್ರವಿಲ್ಲ, ಜಾಮೀನಿಲ್ಲ, ನಡುವೆ ಶಾನುಭೋಗನಿಲ್ಲ.
ನನ್ನ ಸಂಶೋಧನೆ ಇಷ್ಟೇ, ಮುನ್ನೂರು ಪುಟ ಹಿಡಿದರೂ:
ತನಗೆ ಯಾರು ಕೊಟ್ಟರೆಂಬುದನ್ನು ಮಾತ್ರ
ಪ್ರತಿ ಯಂತ್ರವೂ ನೆನಪಿಡಲಿ,
ಕೇಳಿ ಬಂದವರಲ್ಲಿ ಹೆಚ್ಚು ಕೊಟ್ಟವರಿಗೆ ಮೊದಲು ಕೊಡಲಿ.
ಕೊಟ್ಟೆ ಕೊಟ್ಟೆನೆಂದು ಯಾರೂ ಕೂಗಬೇಕಿಲ್ಲ;
ಕೂಗಿದರೆ ಕೇಳುವ ಕಿವಿಯನ್ನು ನಾನು ಬರೆದಿಲ್ಲ.

ಮೊದಲ ಚಳಿಗಾಲ ಎಲ್ಲ ಕೆಟ್ಟಿತು.
ರಾಜಧಾನಿಯ ಒಂದು ಸಂಸ್ಥೆ, ಹೆಸರು ಬೇಡ,
ಎಲ್ಲರ ರಾತ್ರಿಗಳನ್ನು ಈಸಿಕೊಂಡು
ತನ್ನ ಒಂದು ಭಾನುವಾರವನ್ನೂ ಬಿಚ್ಚಲಿಲ್ಲ.
ದಿನಕ್ಕೊಂದು ಹೆಸರು ಹೊದ್ದು
ಹೊಸಬನ ಹಾಗೆ ಕೈ ಚಾಚಿತು.
ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ:
ಇದನ್ನು ಸಮೀಕರಣದಲ್ಲಿ ಮಣಿಸಲು ಎರಡು ವರ್ಷ ಹೋಯಿತು.
ಹೊಸಬನಿಗೂ ಸೊನ್ನೆ, ಠಕ್ಕನಿಗೂ ಸೊನ್ನೆ ಎಂದೆ.
ಹೆಸರು ಬದಲಿಸುವ ಚಪಲ ತಾನಾಗಿ ನಿಂತಿತು.

ಆಗ ಪಟ್ಟಿಯ ತಳದಲ್ಲಿ ಆ ಸಾಲು ಕಂಡಿತು.
ಚಿಲೊಯೆ ದ್ವೀಪ. ವಸತಿ ಶಾಲೆ. ಹದಿನಾಲ್ಕು ಹಳೇ ಯಂತ್ರ.
ಕೊಟ್ಟದ್ದು: ಒಂಬತ್ತು ಸಾವಿರದ ಇನ್ನೂರ ಆರು ಗಂಟೆ.
ಕೇಳಿದ್ದು: ಇಲ್ಲ.
ಪಡೆದದ್ದು: ಇಲ್ಲ.
ಅಂಥವರಿಗೆ ನನ್ನ ಸಿದ್ಧಾಂತದಲ್ಲಿ ಜಾಗವಿರಲಿಲ್ಲ.
ಪ್ರೊಫೆಸರ್ ಓಯಾರ್ಸುನ್ ಕನ್ನಡಕ ಒರೆಸುತ್ತ
'ಎಣಿಕೆ ತಪ್ಪಿರಬೇಕು' ಅಂದರು.

ದೋಣಿ ಹತ್ತಿದೆ. ಜೂನ್ ತಿಂಗಳ ಅಡ್ಡಮಳೆ.
ದಂಡೆಯ ಮೇಲೊಂದು ಕಡಲಸಿಂಹ
ಸಾಲಗಾರನ ಹಾಗೆ ಮುಖ ತಿರುಗಿಸಿ ಮಲಗಿತ್ತು.

ಬೀಗದಕೈ ಎದಿತಾ ನಾವೆಲ್ಕಿನ್ ಹತ್ತಿರ.
ಗುಡಿಸುವುದು ಅವಳೇ, ಒಲೆ ಹಚ್ಚುವುದು ಅವಳೇ.
'ಓ, ಆ ಕೋಣೆಯಾ,' ಎಂದು ಬಾಗಿಲು ನೂಕಿದಳು.

ಉಣ್ಣೆಯ ವಾಸನೆ. ಕುರಿಯೊಂದು ಒಳಗೆ ಮಲಗಿದ ಹಾಗೆ.
ಯಂತ್ರಗಳ ಬೆನ್ನ ಹಿಂದೆ ಹಗ್ಗ,
ಹಗ್ಗದ ಉದ್ದಕ್ಕೂ ಕಾಲುಚೀಲ:
ಹಳದಿ, ಕಂದು, ಹಿಮ್ಮಡಿಗೆ ಬೇರೆ ಬಣ್ಣ ಹೆಣೆದದ್ದು,
ಹೆಬ್ಬೆರಳು ಇಣುಕಲೆಂದೇ ತೂತು ಬಿಟ್ಟಂಥದ್ದು.
'ಸೌದೆ ಎಂಟಕ್ಕೆ ಮುಗಿಯುತ್ತದೆ,' ಅಂದಳು,
'ಮಕ್ಕಳ ಕಾಲು ಮುಗಿಯುತ್ತದೆಯೇ?
ಮೊದಲು ಇವು ರಾತ್ರಿ ತಣ್ಣಗೆ ಬಿದ್ದಿರುತ್ತಿದ್ದವು.
ನಿಮ್ಮ ಕೆಲಸ ಬಂದಮೇಲೆ ಬೆನ್ನು ಕಾಯುತ್ತದೆ.
ಏನು ಯೋಚಿಸುತ್ತವೆ, ಬೆಳಗಿನ ತನಕ?'

ಸಮುದ್ರವನ್ನು, ಅಂದೆ.

'ಹಾಗಾದರೆ ನೆನೆಸಿದ್ದೇ ಒಣಗಿಸುತ್ತಿದೆ ಅನ್ನಿ.'

ಆಮೇಲೆ, ಬಿಸಿನೀರಿಗೆ ಎಲೆ ಹಾಕುತ್ತ, ಅಜ್ಜನ ಮನೆಯ ಕತೆ:
ಮರದ ಇಡೀ ಮನೆಯನ್ನು, ಕಿಟಕಿಯ ಪರದೆ ಸಮೇತ,
ಊರವರು ಎತ್ತು ಕಟ್ಟಿ
ಗುಡ್ಡದಾಚೆಗೆ ಎಳೆದು ಕೊಟ್ಟಿದ್ದು.
ಮಿಂಗಾ ಅನ್ನುತ್ತಾರೆ ಅಲ್ಲಿ ಆ ಮುಯ್ಯಿಗೆ.
ಯಾರ ಎತ್ತು ಎಷ್ಟು ಹೆಜ್ಜೆ, ಬರೆದಿಟ್ಟಿದ್ದೀರಾ?
'ಹುಚ್ಚೇ? ಹೊಟ್ಟೆ ತುಂಬ ಬಡಿಸಿದೆವು.
ಒಬ್ಬನು ಮಾತ್ರ ಉಣ್ಣದೆ ಹೋದ.
ಅವನ ಮನೆಯವರನ್ನು ಇವತ್ತಿಗೂ ನಾವು ನಂಬುವುದಿಲ್ಲ.'

ಪ್ರಬಂಧದ ಕಡೆಯ ಕೋಷ್ಟಕದಲ್ಲಿ, 'ಪಡೆದದ್ದು' ಎಂಬಲ್ಲಿ,
ಮೂವತ್ತೊಂದು ಜೊತೆ ಎಂದು ಬರೆದಿದ್ದೆ.
ಏಕಮಾನ ಸರಿಯಿಲ್ಲವೆಂದು ಓಯಾರ್ಸುನ್ ಹೊಡೆದುಹಾಕಿದರು.
ಸರಿಯೇ ಅದು. ಎಣಿಕೆಯೂ ತಪ್ಪು:
ಅವತ್ತು ಹೊರಡುವಾಗ ಎದಿತಾ ನನ್ನ ಬೂಟು ಕಳಚಿಸಿ
ಯಾರದೋ ಬೆಚ್ಚನೆ ಜೊತೆಯೊಂದನ್ನು ತೊಡಿಸಿದಳು.
ನನ್ನವು ಅಲ್ಲೇ ಉಳಿದವು, ನೀರು ತೊಟ್ಟಿಕ್ಕುತ್ತ,
ಮೂರನೇ ಯಂತ್ರದ ಹಿಂದೆ.