ಹಣ್ಣು ಹುಳು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಹತ್ತೊಂಬತ್ತು ವರ್ಷದಿಂದ ತೂಕ ಹಾಕುವವನು ನಾನು.
ಅರವತ್ತೆರಡು ಕೆಜಿ ನಾನೂರು, ಬರಕೋ.
ನಲವತ್ತೊಂದು ಇನ್ನೂರು, ಮುಂದಿನ ಲಾಟು.
ನನ್ನ ಮೈಯ ಲೆಕ್ಕ ಮಾತ್ರ ಯಾರೂ ಬರೆದಿರಲಿಲ್ಲ,
ಹೋದ ಯುಗಾದಿಗೆ ಅಟ್ಟದಿಂದ
ಒಬ್ಬಟ್ಟಿನ ಕಾವಲಿ ಇಳಿಸಲು ಹೋಗಿ
ಬಲಭುಜ ಕಟಕ್ ಎನ್ನುವವರೆಗೆ.

ಈಗ ಸೋಮವಾರ, ಬುಧವಾರ, ಶುಕ್ರವಾರ
ಬೆಳಗಿನ ಐದೂವರೆಗೆ
ಹೈಸ್ಕೂಲು ಮೈದಾನದ ಸಿಂಗಲ್ ಬಾರ್ ಕೆಳಗೆ ನಿಲ್ಲುತ್ತೇನೆ.
ಇಬ್ಬನಿಗೆ ಕಬ್ಬಿಣ ಕೊರೆಯುತ್ತದೆ.
ಅಂಗೈಗೆ ಹತ್ತಿದ ತುಕ್ಕಿನ ವಾಸನೆ
ಮಧ್ಯಾಹ್ನ ಮುದ್ದೆ ಮುರಿಯುವಾಗಲೂ ಹೋಗಿರುವುದಿಲ್ಲ.

ಪೊಲೀಸ್ ಕೆಲಸಕ್ಕೆ ತಯಾರಾಗುತ್ತಿರುವ
ಮೇಲೂರಿನ ಹುಡುಗಿ ವೆಂಕಟಲಕ್ಷ್ಮಿ
ಮೊದಲ ದಿನ ನನ್ನ ಒದ್ದಾಟ ನೋಡಿ ನಗಲಿಲ್ಲ, ಅದೇ ಪುಣ್ಯ.
"ಸುಮ್ನೆ ಜೋತ್ಕೊಳಿ ಅಂಕಲ್, ಅಷ್ಟೇ" ಅಂದಳು.
ಜೋತುಬಿದ್ದೆ.
ಹನ್ನೊಂದು ಎಣಿಸುವಷ್ಟರಲ್ಲಿ
ನಲವತ್ತೇಳು ವರ್ಷವೂ ಎರಡು ಬೆರಳಿಗೆ ಬಂದು ಕೂತವು.

ಮನೆಯಲ್ಲಿ ಪ್ರಭಾವತಿ, ಭುಜಕ್ಕೆ ಎಣ್ಣೆ ತಿಕ್ಕುತ್ತ:
"ಈ ವಯಸ್ಸಲ್ಲಿ ಬಾವಲಿ ಆಗೋಕೆ ಹೊರಟಿದ್ದೀರಲ್ಲ!"

ಎರಡನೇ ತಿಂಗಳು ಹುಡುಗಿ ಒಂದು ಕಲ್ಲು ಉರುಳಿಸಿ ತಂದಳು.
ಅದನ್ನು ಹತ್ತಿ, ಗಲ್ಲ ಕಂಬಿಯ ಮೇಲಿಟ್ಟು,
ನಿಧಾನಕ್ಕೆ ಇಳಿಯಬೇಕಂತೆ.
ಏರುವುದು ಆಮೇಲೆ.
ಇಳಿಯುವುದು ಗೊತ್ತಿಲ್ಲವೇ ನನಗೆ ಅಂದುಕೊಂಡೆ.
ಗೊತ್ತಿರಲಿಲ್ಲ. ಬಿದ್ದೇ ಅಭ್ಯಾಸ.

ಅಮ್ಮ ಹುಳು ಸಾಕುತ್ತಿದ್ದ ಕಾಲದಲ್ಲಿ
ನಡುರಾತ್ರಿ ಬುಡ್ಡಿದೀಪ ಹಿಡಿದು ತೋರಿಸುತ್ತಿದ್ದಳು:
ನೋಡು, ಹಣ್ಣಾಗಿದೆ. ಸೊಪ್ಪು ಬಿಟ್ಟಿದೆ.
ಮೈಯೆಲ್ಲ ತಿಳಿಯಾಗಿ, ಜೇನಿನ ಬಣ್ಣ ಬಂದು,
ಹುಳು ತಲೆ ಎತ್ತಿ ಅತ್ತಿತ್ತ ತೂಗುತ್ತಿತ್ತು,
ಹಿಡಿಯಲು ಏನಾದರೂ ಸಿಗುತ್ತದೋ ಎಂದು.
ಆಗಲೇ ಎತ್ತಿ ಚಂದ್ರಿಕೆಗೆ ಬಿಡಬೇಕು.
ತಡವಾದರೆ ನೂಲೆಲ್ಲ ತಟ್ಟೆಯ ಕಸಕ್ಕೆ.

ಮೊನ್ನೆ ಶುಕ್ರವಾರ, ಕಲ್ಲಿಲ್ಲದೆ,
ಕಾಲು ಕಪ್ಪೆಯಂತೆ ಒಂದಿಷ್ಟು ಒದ್ದರೂ,
ಗಲ್ಲ ಕಂಬಿ ದಾಟಿತು.
ಒಂದೇ ಒಂದು.
ರೆಪ್ಪೆ ಬಡಿಯುವಷ್ಟು ಹೊತ್ತು ಕಾಂಪೌಂಡಿನಾಚೆ ಕಂಡದ್ದು:
ನೂಲು ತೆಗೆಯುವ ಮನೆಯ ಹೊಗೆ,
ಹಲ್ಲುಜ್ಜುತ್ತ ನಿಂತ ಯಾರೋ,
ತಂತಿಯ ಮೇಲೊಂದು ಹಳದಿ ಟವೆಲ್ಲು.
ಆಮೇಲೆ ಇಳಿದೆ. ನಿಧಾನಕ್ಕೆ.

ಹರಾಜು ಶುರುವಾಗುವ ಮುನ್ನ
ಯಾರೂ ಇಲ್ಲವೆಂದು ತೂಕದ ಮೇಲೆ ನಿಂತೆ.
ಎಪ್ಪತ್ತೆಂಟು ಮುನ್ನೂರೈವತ್ತು.
ಭುಜ ಹಿಡಿದ ದಿನ ಡಾಕ್ಟರು ಬರೆದದ್ದೂ ಹೆಚ್ಚುಕಮ್ಮಿ ಅದೇ.
ಹಿಂದಿನಿಂದ ರೀಲರ್ ಇನಾಯತ್ ಕೂಗಿದ:
"ಏನ್ ಮುನಿನಾರಾಯಣಪ್ಪ, ಈ ಲಾಟು ಕೆಜಿಗೆ ಎಷ್ಟು?"

ಇನ್ನೂ ಗೂಡು ಕಟ್ಟಿಲ್ಲ ಕಣಯ್ಯ, ಅಂದೆ,
ಬೊಬ್ಬೆಯೆದ್ದ ಅಂಗೈಯನ್ನು ಪ್ಯಾಂಟಿಗೆ ಒರೆಸುತ್ತ.