ಪೂರ್ಣ ದಿನಗಳು

ಬೈಲಾ ಹದಿನಾಲ್ಕು, ಉಪವಿಧಿ ಆ:
ಪದಾಧಿಕಾರಿಯನ್ನು ಇಳಿಸುವ ಮೊದಲು
ಅವನಿಗೇ ತಿಳಿಸಬೇಕು, ಬರಹದಲ್ಲಿ,
ಖುದ್ದು ಕೈಗೆ ಕೊಟ್ಟು, ಸಹಿ ಪಡೆದು.

ಹಾಗಾಗಿ ನಾನೇ ಹೊರಟೆ, ಕಾರ್ಯದರ್ಶಿ ಸರಸಿಜ,
ನೇಕಾರರ ಸಹಕಾರ ಸಂಘ, ಕಬ್ಬನ್‌ಪೇಟೆ.
ಎರಡು ಸ್ಕೂಟರ್ ಎದುರಾದರೆ
ಒಂದು ಯಾರದೋ ಜಗಲಿ ಹತ್ತಬೇಕಾದ ಸಂದಿ.
ಬ್ಯಾಗಿನಲ್ಲಿ ನೋಟೀಸು, ಜೊತೆಗೆ ಸ್ಟಾಂಪ್ ಪ್ಯಾಡು,
ಹೆಬ್ಬೆಟ್ಟಿನವರಿಗೆಂದು ಇಟ್ಟ ಹಳೇ ಅಭ್ಯಾಸ.
ಖಜಾಂಚಿ ಕೋದಂಡಪ್ಪನವರು ಹೆಬ್ಬೆಟ್ಟಿನವರಲ್ಲ.
ನನಗೆ ಜಮಾ ಖರ್ಚು ಕಲಿಸಿದವರು.
ನಡುವಿನ ಗೆರೆ ಸ್ಕೇಲಿಟ್ಟೇ ಎಳಿ,
ಕೈ ನಂಬಬೇಡ, ಎಂದವರು.

ನೋಟೀಸಿನಲ್ಲಿದ್ದದ್ದು ಇಷ್ಟು:
ಕಾರ್ತೀಕದಲ್ಲಿ ನೂಲಿನ ಖಾತೆಯಿಂದ
ಹದಿನೆಂಟು ಸಾವಿರ ಹೋಗಿದೆ.
ಸಂಕ್ರಾಂತಿಗೆ ಹದಿನೆಂಟು ಸಾವಿರ ಬಂದಿದೆ.
ಹೋದದ್ದಕ್ಕೂ ಬಂದದ್ದಕ್ಕೂ ರಸೀದಿ ಇಲ್ಲ.
ಒಂದು ರೂಪಾಯಿ ಕಮ್ಮಿಯಿಲ್ಲವಲ್ಲ, ಎಂದರು ಕೆಲವರು.
ಕಮ್ಮಿ ಇರೋದು ಕಾಗದ, ಎಂದರು ಅಧ್ಯಕ್ಷ ನಾಗಭೂಷಣ.
ಎರಡನ್ನೂ ನಡಾವಳಿಯಲ್ಲಿ ಬರೆದುಕೊಂಡೆ.

ಅವರು ಕನ್ನಡಕ ಒರೆಸಿ ಓದಿದರು,
ಬೇರೆ ಯಾರದೋ ಅರ್ಜಿ ಓದುವ ಹಾಗೆ.
ಕೆಳಮನೆಯ ಮಗ್ಗ ನಿಂತಿತು, ಮತ್ತೆ ಹೊರಟಿತು.
"ತಾರೀಕು ತಪ್ಪಿದೆಯಲ್ಲಮ್ಮಾ.
ಹದಿನೈದು ಪೂರ್ಣ ದಿನ ಬೇಕು.
ಕೊಟ್ಟ ದಿನ ಲೆಕ್ಕಕ್ಕಿಲ್ಲ,
ಸಭೆಯ ದಿನವೂ ಲೆಕ್ಕಕ್ಕಿಲ್ಲ,
ನಡುವಿನದಷ್ಟೇ ದಿನ.
ಎಣಿಸಿ ನೋಡು, ಹದಿನಾಲ್ಕೇ ಆಗತ್ತೆ.
ಹೀಗೆ ಇಳಿಸಿದ್ರೆ ರಿಜಿಸ್ಟ್ರಾರ್ ಆಫೀಸಿನೋರು
ಮಧ್ಯಾಹ್ನದ ಊಟದೊಳಗೆ ವಾಪಸು ಹತ್ತಿಸ್ತಾರೆ ನನ್ನ."
ಬೆರಳು ಮಡಿಚಿ ಎಣಿಸಿದೆ. ಹದಿನಾಲ್ಕು.

ಮಾರನೆಯ ದಿನ ಹೊಸದು ಟೈಪು ಮಾಡಿಸಿ ತಂದೆ.
ಸಹಿ ಹಾಕಿದರು, ಕೆಳಗೆ ಗಂಟೆಯನ್ನೂ ಬರೆದರು.
ಈ ಸಲ ಕಾಫಿ ಕೊಟ್ಟರು.

ಆ ಹದಿನೈದು ದಿನ, ಲೆಕ್ಕಕ್ಕಿರುವ ದಿನ,
ಸಂಜೆ ಆರಕ್ಕೆ ಎಂದಿನಂತೆ ಬಂದರು.
ಇಳಿಸುವ ತನಕ ಇದ್ದಾರೆ, ಅದೂ ಬೈಲಾ.
ಎದುರುಬದುರು ಕೂತೆವು.
"ಹಾಳೆ ತಿರುಗಿಸು" ಅಂದರು ಒಮ್ಮೆ.
"ಟೋಟಲ್ ಹೇಳು" ಅಂದರು.
ಬೇರೆ ಮಾತು ನನಗೆ ನೆನಪಿಲ್ಲ.

ಹಾಜರಿ ಅರವತ್ತಾರು.
ಮೂರರಲ್ಲಿ ಎರಡು ಪಾಲು, ಅಂದರೆ ನಲವತ್ತನಾಲ್ಕು ಬೇಕು.
ಆಪಾದಿತರಿಗೆ ಹೇಳಿಕೊಳ್ಳಲು ಹತ್ತು ನಿಮಿಷ.
ಕೋದಂಡಪ್ಪನವರು ಎದ್ದರು, ಮೇಲೆ ನೋಡಿದರು.
"ಫ್ಯಾನು ಆರಿಸಿ. ಚೀಟಿ ಹಾರ್ತವೆ."
ಕೂತರು.
ಒಂಬತ್ತೂ ಮುಕ್ಕಾಲು ನಿಮಿಷ ಎಲ್ಲರೂ ಬೆವೆತೆವು.

ಇಳಿಸಿ ಎಂದವರು ನಲವತ್ತಮೂರು.
ಬೇಡ ಎಂದವರು ಇಪ್ಪತ್ತೆರಡು.
ಉಳಿದ ಒಂದು ಚೀಟಿಯಲ್ಲಿ ಗುರುತಿಲ್ಲ,
ಬಾಯಿಬಿಟ್ಟು ಹೇಳಿದಂತೆ ಬರೆದಿತ್ತು: ಇಳಿಸಬಹುದು.
ಗುಂಡಗೆ, ಸ್ಕೇಲಿನ ಮೇಲೆ ಕೂರಿಸಿದಷ್ಟು ನೆಟ್ಟಗೆ,
ಳಕಾರದ ಸುರುಳಿ ಒಂದು ಸುತ್ತು ಹೆಚ್ಚು.

ಉಪವಿಧಿ ಉ: ಗುರುತಲ್ಲದೆ ಬೇರೇನು ಬರೆದರೂ
ಮತ ಅಸಿಂಧು.
ಆ ವಿಧಿ ಸೇರಿಸಿದ ವರ್ಷ
ಕರಡು ಬರೆದವರು ಯಾರೆಂದು ಬಲ್ಲೆ.
ಅಕ್ಷರವನ್ನೂ ಬಲ್ಲೆ.
ಆದರೆ ಮತದಾನ ಗುಪ್ತ.
ಆದ್ದರಿಂದ ಬಲ್ಲೆನಲ್ಲ.

ಠರಾವು ಬಿದ್ದುಹೋಯಿತು, ಒಂದು ಮತಕ್ಕೆ.
ನಾಗಭೂಷಣರು ಮೈಕು ಆರಿಸುವುದನ್ನು ಮರೆತು
ಅಂದದ್ದನ್ನು ನಡಾವಳಿಯಲ್ಲಿ ಸೇರಿಸಿಲ್ಲ.

ಸೋಮವಾರ ಸಂಜೆ ಆರಕ್ಕೆ ಬಂದರು.
ಪೆಟ್ಟಿಗೆ ತೆಗೆದರು, ಚಿಲ್ಲರೆ ಎಣಿಸಿದರು,
ಕೈ ಚಾಚಿದರು ಲೆಡ್ಜರಿಗೆ.
ಕಾರ್ತೀಕದ ಪುಟ ತೆರೆದೇ ಕೊಟ್ಟೆ.
ನೋಡಿದರು. ನನ್ನನ್ನೂ ನೋಡಿದರು.
ಆಮೇಲೆ ಹಾಳೆ ತಿರುಗಿಸಿದರು,
ಈ ಸಲ ತಾವೇ.