ಭೀಮನಾಮ

ಪಯಸ್ವಿನಿಯ ದಡಕ್ಕೆ ಪಂಚಾಯತಿನ ಓದುವ ಕೋಣೆ,
ಆಮೆಯ ಹಾಗೆ.
ಎರ್ನಾಕುಳದಿಂದ ಬಂದ ಹುಡುಗಿ, ಶ್ರೀಬಾಲ,
ಥರ್ಮಾಕೋಲಿನಲ್ಲಿ ಕಡೆದದ್ದನ್ನು
ಬಾಣಂತಿ ಮನೆಯ ಮಗುವಿನ ಹಾಗೆ ಎತ್ತಿಕೊಂಡು
ಜೀಪಿನಿಂದ ಇಳಿದಳು.
ಬೆನ್ನ ಮೇಲೆ ಆರು ಮೂಲೆಯ ಬಿಲ್ಲೆಗಳು, ಹದಿಮೂರು.
"ಆಚಾರಿಯವರೇ, ಈ ಬಾಗು ನಿಮ್ಮಿಂದ ಆದೀತಾ?"

ಆಗದ್ದು ಎಂತ ಉಂಟು ಅಂದೆ.
ನಾನು ಸೆಂಟ್ರಿಂಗಿನವ. ಮೂವತ್ತು ವರ್ಷದಿಂದ
ಚಪ್ಪಟೆ ತಾರಸಿಗೇ ಹಲಗೆ ಹಾಸಿದವ.

ನೆಲಕ್ಕೆ ಸುಣ್ಣದ ಗೆರೆ ಎಳೆಯುವಾಗ ಕುಂಞಂಬು ಬಂದ.
ಮೊದಲೆಲ್ಲ ಹೊಳೆಗೆ ಮುಳುಗಿ ಬುಟ್ಟಿಯಲ್ಲಿ ಹೊಯ್ಗೆ ತೆಗೆಯುತ್ತಿದ್ದವ;
ಒಂದು ಕಿವಿ ಅಲ್ಲೇ, ಕೆಳಗೇ ಉಳಿಯಿತು.
ಗೆರೆಗೆ ಸುತ್ತು ಬಂದು ಹೇಳಿದ:
"ನಮ್ಮ ಹೊಳೆಯದ್ದು ಹೀಗಿಲ್ಲ.
ಬಿಲ್ಲೆ ಇಲ್ಲ ಅದಕ್ಕೆ. ಬೆನ್ನೆಂದರೆ ನೆನೆದ ಚರ್ಮ,
ಎರಡು ತಡ್ಪೆಯಷ್ಟು ಅಗಲ.
ಹೊಯ್ಗೆಯೊಳಗೆ ಹೂತು ಬಿದ್ದಿರ್ತದೆ,
ದಿನಕ್ಕೆ ಎರಡೋ ಮೂರೋ ಸಲ ಮೂಗು ಮಾತ್ರ ಮೇಲೆ.
ಗೊತ್ತಿಲ್ಲದೆ ಒಮ್ಮೆ ಅದರ ಮೇಲೆ ನಿಂತಿದ್ದೆ.
ನೆಲ ಉಸಿರು ಬಿಟ್ಟಿತು."

ಶ್ರೀಬಾಲ ರಾತ್ರಿ ನಿದ್ದೆಗೆಟ್ಟು ಬೇರೆಯೇ ಬರೆದು ತಂದಳು:
ಅರ್ಧ ಮಣ್ಣೊಳಗೆ, ನುಣುಪು ಮಾಡು, ಮೇಲೆ ಹೊಯ್ಗೆ,
ದೂರದಿಂದ ನೋಡಿದರೆ ಏನೂ ಇಲ್ಲ.
"ಏನೂ ಇಲ್ಲದ್ದಕ್ಕೆ ನಲವತ್ತೆರಡು ಲಕ್ಷವಾ?"
ವಾರ್ಡು ಮೆಂಬರರು ನಕ್ಕರು.
"ಆಮೆ ಅಂದ ಮೇಲೆ ಆಮೆ ಕಾಣಬೇಕು ಮಗಾ.
ಜನ ನಿಂತು ಫೋಟೋ ತೆಗೀಬೇಕು."
ಹದಿಮೂರು ಬಿಲ್ಲೆಯೂ ಮರಳಿ ಬಂದವು.

ಪ್ಲೈವುಡ್ಡಿಗೆ ಬಾಗುವುದೆಂದರೆ ಅವಮಾನ,
ಒತ್ತಿದರೆ ಮೊಳೆ ಕಿತ್ತು ಮುಖಕ್ಕೆ ಹಾರುತ್ತದೆ.
ಎರಡೆರಡು ಇಂಚಿನ ಪಟ್ಟಿ ಸೀಳಿ, ನೀರಲ್ಲಿ ನೆನೆಸಿ,
ಬಿದಿರ ಗಳದ ಮೇಲೆ ಒಂದೊಂದನ್ನೇ ಪುಸಲಾಯಿಸಿದೆ.
ಕೊನೆಗೆ ಹಲಗೆಯ ಮೇಲೆಲ್ಲ
ಜರಡಿ ಹಿಡಿದ ಹೊಳೆಯ ಹೊಯ್ಗೆ ಉದುರಿಸಿದೆ.
ತಲೆಯ ಇಳಿಜಾರಿನಲ್ಲಿ ಎರಡು ತುಂಡು ಪೈಪು ನಿಲ್ಲಿಸಿ
ಒಳಗೆ ಸಿಮೆಂಟು ಚೀಲದ ಕಾಗದ ತುರುಕಿದೆ.
ಡ್ರಾಯಿಂಗಿನಲ್ಲಿ ಅದು ಇರಲಿಲ್ಲ.

ಹೆಸರಿನದ್ದು ಬೇರೆ ಕತೆ.
ಮಲಯಾಳದ ಆಮ ಎಂದರೆ ಆಮೆ; ದೈತ್ಯನಂಥದ್ದು ಭೀಮನಾಮ.
ಬೋರ್ಡು ಬರೆಯುವ ಇಗ್ನೇಶಿಯಸ್ ಅದನ್ನು ಹಾಗೆಯೇ
ಕನ್ನಡಕ್ಕೂ ಇಳಿಸಿಬಿಟ್ಟ.
ಮುಳ್ಳೇರಿಯಾ ಬಸ್ಸಿಂದ ಇಳಿದವರು ಓದಿ ಕೇಳಿದರು,
"ಭೀಮ ನಾಮವಾ? ಯಾರಿಗೆ ಹಾಕಿದ್ದು?"
ಕಂಟ್ರಾಕ್ಟರನ ಬಿಲ್ಲು ಪಾಸು ಮಾಡಿದವರು
ಹೊಳೆಯ ಕಡೆ ನೋಡಿದರು.

ಇಪ್ಪತ್ತೊಂದು ದಿನ ಕಳೆದು ಗಳ ಬಿಚ್ಚಿದೆವು.
ಒಳಗಿದ್ದ ಮರದ ಆಮೆ
ತುಂಡು ತುಂಡಾಗಿ ಬಾಗಿಲಿನಿಂದ ಹೊರಗೆ ಬಂದು
ಲಾರಿ ಹತ್ತಿತು.
ಅದರ ಫೋಟೋ ಯಾರೂ ತೆಗೆಯಲಿಲ್ಲ.

ಹೊರಗೆ ಹಸಿರು ಬಣ್ಣ, ಬಿಲ್ಲೆಗೆ ಹಳದಿ ಅಂಚು.
ಒಳಗೆ ತಲೆಯೆತ್ತಿದರೆ
ಹೊಯ್ಗೆ ಅಂಟಿದ ಹೊಟ್ಟೆ, ಒರಟು, ಬೂದು.
ಬೀಫಾತಿಮಳ ಮೊಮ್ಮಗ ಅಂಗಾತ ಮಲಗಿ
ಅದನ್ನೇ ಓದುತ್ತಾನೆ, ಪುಸ್ತಕ ಎದೆಯ ಮೇಲೆ.

ಮೊದಲ ಮಳೆಗೇ ಕಂಟ್ರಾಕ್ಟರನ ಫೋನು:
"ಆಚಾರಿ, ಎರಡು ಕಡೆ ಸೋರ್ತದೆ, ಎರಡು ಭಾಷೆಯ ಪೇಪರೂ ಚಂಡಿ!"
ಎಂಸೀಲು ಕಲಸಿ ಹಿಡಿದು ಏಣಿ ಹತ್ತಿದೆ.
ಕೆಳಗೆ ಏಣಿ ಹಿಡಿದ ಕುಂಞಂಬು
ಕೇಳುವ ಕಿವಿಯನ್ನು ಗೋಡೆಗೆ ಇಟ್ಟ.
ಗಾಳಿ ಬಂದಾಗಲೆಲ್ಲ ಪೈಪಿನಲ್ಲಿ ಒಂದು ಸದ್ದು,
ಹೋಗುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ.
"ಶೀತ ಆಗಿದೆ ಅದಕ್ಕೆ," ಎಂದ. "ಮೂಗು ಕಟ್ಟಬೇಡ."

ಕೆಳಗಿಳಿದು ಬಾಲ್ದಿ ಇಟ್ಟೆ.
ಎಂಸೀಲು ಮುಷ್ಟಿಯಲ್ಲೇ ಗಟ್ಟಿಯಾಯಿತು,
ನನ್ನ ಐದೂ ಬೆರಳಿನ ಗುರುತಿನ ಸಮೇತ.